ಸ್ಕೇಲಿಟ್ಟು ಹೊಡೆದ ಸಾಲುಗಳು

ಜೂನ್ 23, ಸೋಮವಾರ

ತಮ್ಮ ರುದ್ರಮುನಿಯ ಹಾಳೆಗಳ ಟೈಪಿಂಗ್ ಇವತ್ತು ಮುಗಿಯಿತು. ನೀಲಿ ಪೆನ್ನಿನಲ್ಲಿ ಬರೆದ ಅರವತ್ತೆರಡು ಹಾಳೆ. ಟೈಪಾದ ಮೇಲೆ ಇಪ್ಪತ್ತೆಂಟು ಪುಟಕ್ಕೆ ಬಂತು.

ಹತ್ತರವರೆಗೆ ಕನ್ನಡದಲ್ಲಿ ಓದಿ, ಪಿಯುಸಿ ಹೇಗೋ ದಾಟಿ ಬಿಎಸ್ಸಿ ಗಣಿತಕ್ಕೆ ಬರುವ ಹಳ್ಳಿ ಮಕ್ಕಳು ಮೊದಲ ವಾರದಲ್ಲೇ ಹೆದರಿ ಬಿಟ್ಟುಹೋಗುತ್ತಾರೆ ಎಂದು ಅವನು ಹೇಳುತ್ತಿದ್ದ. ಸೆಮಿಸ್ಟರ್ ಶುರುವಾಗುವ ಮೊದಲು ಅವರಿಗೆ ಮೂರು ವಾರ ಪಾಠ ಮಾಡಬೇಕು ಎಂದು ಎರಡು ವರ್ಷ ಕಾಲೇಜಿನವರ ಬೆನ್ನು ಹತ್ತಿದ್ದ. ಫೆಬ್ರುವರಿಯಲ್ಲಿ ಒಪ್ಪಿದರು. ಮಾರ್ಚ್ ಹನ್ನೊಂದಕ್ಕೆ ಅವನು ಹೋದ. ಮೂವತ್ತಾರು ವರ್ಷ. ಎದೆ ಉರಿ ಎಂದ, ನೀರು ತರಲು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಮುಗಿದಿತ್ತು.

ಬರಹ ಮೊದಲಿನಿಂದಲೂ ಗಲೀಜು. ಐದು ಸಾಲು ಬರೆದರೆ ಮೂರನ್ನು ಹೊಡೆದುಹಾಕಿರುತ್ತಾನೆ. ಸಾಲಿನ ನಂಬರುಗಳೂ ಎರಡಾದ ಮೇಲೆ ಆರಕ್ಕೆ ಹಾರುತ್ತವೆ. ಹೊಡೆದದ್ದನ್ನೆಲ್ಲ ಬಿಟ್ಟು, ನಂಬರು ಸರಿಮಾಡಿ, ಅಂಚಿನಲ್ಲಿ ತನ್ನಷ್ಟಕ್ಕೆ ಹೇಳಿಕೊಂಡದ್ದನ್ನೂ ಬಿಟ್ಟು ಚೊಕ್ಕ ಮಾಡಿದ್ದೇನೆ. ಹತ್ತೊಂಬತ್ತು ವರ್ಷ ದಾವಣಗೆರೆಯ ಕಾಲೇಜಿನೆದುರಿನ ಈ ಝೆರಾಕ್ಸ್ ಅಂಗಡಿಯಲ್ಲಿ ಕೂತು ಬೇರೆಯವರ ಗಣಿತ ಟೈಪ್ ಮಾಡಿದ್ದೇನೆ. ಅರ್ಥ ತಿಳಿಯುವ ಅಗತ್ಯ ಟೈಪಿಸ್ಟಿಗೆ ಇಲ್ಲ.

ಕೊನೆಯ ಹಾಳೆಯಲ್ಲಿ ಉತ್ತರವೇ ಇರಲಿಲ್ಲ. ಅದನ್ನು ಸೇರಿಸಲಿಲ್ಲ.

ಅಂಗಡಿಯ ಯಜಮಾನರು ಉಜ್ಜನಪ್ಪ ಪುಟ ತಿರುವಿ ನೋಡಿದರು. "ಏನ್ ಚೆಂದ ಹೊಡ್ದೀರಿ ದ್ರಾಕ್ಷಾಯಣಮ್ಮ! ಲಗ್ನಪತ್ರಿಕೆ ಇದ್ದಂಗೈತೆ. ಕೆಳಗೆ ಆಗಮನಾಭಿಲಾಷಿಗಳು ಅಂತ ಒಂದು ಹಾಕಿಬಿಡ್ರಿ."

ನಗಬೇಕಿತ್ತು. ನಗು ಬರಲಿಲ್ಲ.

ಜೂನ್ 30, ಸೋಮವಾರ

ಬೆಳಿಗ್ಗೆ ಮಂಡಿಪೇಟೆಗೆ ಹೋಗಿ ಕಾಗದ ತಂದೆ. ಇಪ್ಪತ್ತೈದು ಪ್ರತಿ ಮಾಡಿ ಕಾಲೇಜಿಗೆ ಕೊಟ್ಟೆ. ಪಾಠ ಶುರುವಾಯಿತು. ಹತ್ತೊಂಬತ್ತು ಮಕ್ಕಳು ಹೆಸರು ಕೊಟ್ಟಿದ್ದಾರಂತೆ.

ಪಾಠ ಮಾಡುವವರು ವಿಜಯಕುಮಾರ್ ಎಂಬ ಹುಡುಗ. ರುದ್ರಮುನಿಯ ಹಳೆಯ ಶಿಷ್ಯ. ಅವನಂತೆಯೇ ಅತಿಥಿ ಉಪನ್ಯಾಸಕ. ಪ್ರತಿಗಳನ್ನು ಎತ್ತಿಕೊಳ್ಳುವಾಗ ಹೇಳಿದರು: "ಅಕ್ಕ, ಒಂದು ವಿಷಯ. ಹದಿನೈದಕ್ಕಿಂತ ಕಮ್ಮಿ ಆದ್ರೆ ಈ ವರ್ಷ ಗಣಿತದ ಕ್ಲಾಸ್ ಶುರು ಮಾಡಲ್ಲ ಅಂದಾರೆ ಪ್ರಿನ್ಸಿಪಾಲರು. ಜುಲೈ ಇಪ್ಪತ್ತೆರಡಕ್ಕೆ ಲೆಕ್ಕ ಹಾಕ್ತಾರಂತೆ. ಒಂದು ವರ್ಷ ಶುರು ಮಾಡ್ಲಿಲ್ಲ ಅಂದ್ರೆ ಮುಂದೆ ಯಾವತ್ತೂ ಮಾಡಲ್ಲ."

ಹತ್ತೊಂಬತ್ತರಲ್ಲಿ ಹದಿನೈದು ಉಳಿದರೆ ಸಾಕು. ಸಂಜೆ ಬಸ್ಸಿನಲ್ಲಿ ಹರಿಹರದ ಮನೆಗೆ ಬರುವವರೆಗೂ ಅದನ್ನೇ ಕಳೆಯುತ್ತಾ ಬಂದೆ.

ಜುಲೈ 4, ಶುಕ್ರವಾರ

ಊಟ ಬೇಡವಾಯಿತು. ಬೇರೆ ಏನೂ ಇಲ್ಲ.

ಜುಲೈ 9, ಬುಧವಾರ

ಹದಿನೇಳು.

ಮಾಯಕೊಂಡದ ನಿಂಗರಾಜ್ ಎಂಬ ಹುಡುಗ ಆಧಾರ್ ಕಾರ್ಡಿನ ಝೆರಾಕ್ಸಿಗೆ ಬಂದಿದ್ದ. ಕೈಯಲ್ಲಿ ನಮ್ಮ ಪುಸ್ತಕ. ಬಾಯಿ ಸುಮ್ಮನಿರುವ ಹುಡುಗ ಅಲ್ಲ.

"ಅಕ್ಕ, ಈ ಪುಸ್ತಕ ಬರೆದೋರು ಮನುಷ್ಯರೇನ್ರಿ? ನಾವು ಹಲ್ಲು ಉಜ್ಜಿದಂಗೆ ಅವರು ಲೆಕ್ಕ ಮಾಡ್ಯಾರೆ. ಮೂರು ಸಾಲು, ಖಲ್ಲಾಸ್."

"ನನ್ನ ತಮ್ಮ" ಎಂದೆ.

ಅವನು ಝೆರಾಕ್ಸ್ ಎತ್ತಿಕೊಂಡು, ಚಿಲ್ಲರೆಯನ್ನೂ ತಗೊಳ್ಳದೆ ಹೋದ.

ಸಂಜೆ ವಿಜಯಕುಮಾರ್ ಬಂದು ಸ್ಟೂಲಿನ ಮೇಲೆ ಕುಸಿದು ಕೂತರು. "ಪುಸ್ತಕ ಚಲೋ ಐತೆ ಅಕ್ಕ, ಒಂದು ತಪ್ಪಿಲ್ಲ. ಆದ್ರೆ ಹುಡುಗ್ರು ಬಾಯಿ ಬಿಡಲ್ಲ. ಗೊತ್ತಾತಾ ಅಂದ್ರೆ ಗೊತ್ತಾತ್ರಿ ಸರ್ ಅಂತಾರೆ. ಬೋರ್ಡಿಗೆ ಬರ್ರಿ ಅಂದ್ರೆ ನೆಲ ನೋಡ್ತಾರೆ. ನನಗೆ ಪಾಠ ಮಾಡಾಕೆ ಬರಲ್ಲ ಅನ್ಸುತ್ತೆ. ರುದ್ರಮುನಿ ಸರ್ ಇದ್ದಿದ್ರೆ..."

ಒಂದು ತಪ್ಪಿಲ್ಲ ಎಂದದ್ದು ಸಮಾಧಾನವಾಯಿತು.

ಜುಲೈ 14, ಸೋಮವಾರ

ಹದಿನೈದು. ಇಬ್ಬರು ಬಿಸಿಎಗೆ ಹೋದರು. ಇನ್ನು ಒಬ್ಬರೂ ಹೋಗುವಂತಿಲ್ಲ.

ಜುಲೈ 16, ಬುಧವಾರ

ಒಬ್ಬಳು ಹೋದಳು.

ಹುಡುಗಿಯ ಹೆಸರು ತನುಶ್ರೀ. ನಂದಿಗುಡಿಯವಳು. ತರಗತಿಯಲ್ಲಿ ಇದ್ದವರಲ್ಲಿ ಅವಳೇ ಜಾಣೆ ಎಂದು ವಿಜಯಕುಮಾರ್ ಹೇಳಿದ್ದರು. ಟಿಸಿ ತೆಗೆದುಕೊಂಡು ಅದರ ಎರಡು ಪ್ರತಿ ಮಾಡಿಸಲು ಅಂಗಡಿಗೇ ಬಂದಳು. ನಾನು ಯಾರನ್ನೂ ಏನೂ ಕೇಳುವವಳಲ್ಲ. ಇವತ್ತು ಕೇಳಿದೆ.

"ಯಾಕವ್ವ ಬಿಟ್ಟೆ?"

"ಹರಿಹರದಾಗ ಬಿಕಾಂ ಸೇರ್ತೀನ್ರಿ."

"ಲೆಕ್ಕ ಇಷ್ಟ ಇತ್ತಂತಲ್ಲ ನಿನಗೆ."

ಸ್ವಲ್ಪ ಹೊತ್ತು ಯಂತ್ರದ ಬೆಳಕು ಹೋಗಿಬರುವುದನ್ನೇ ನೋಡಿದಳು. "ಇಷ್ಟ ಇತ್ರಿ. ಆ ಪುಸ್ತಕದಾಗ ಎಲ್ಲಾ ಮೂರೇ ಸಾಲಿಗೆ ಬರ್ತೈತೆ. ಏಳನೇ ಪುಟದ್ದಂತೂ ನನಗೆ ಮೂರು ಹಾಳೆ ಬರೆದ್ರೂ ಬರಲ್ಲ. ಉಳಿದೋರೆಲ್ಲ ಗೊತ್ತಾತು ಅಂತಾರೆ. ನನ್ನ ತಲಿ ಇದಕ್ಕಲ್ಲ ಬಿಡ್ರಿ ಅಕ್ಕ. ಸುಮ್ನೆ ಆಸೆ ಪಟ್ಟೆ."

ಹದಿನಾಲ್ಕು.

ಜುಲೈ 17, ಗುರುವಾರ

ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಅವನ ಹಾಳೆಗಳನ್ನು ತೆಗೆದೆ. ಏಳನೇ ಪುಟದ ಲೆಕ್ಕವನ್ನು ಹುಡುಕಿದೆ. ಟೈಪ್ ಮಾಡಿದ್ದರಲ್ಲಿ ಅದು ಮೂರು ಸಾಲು. ಅವನ ಕೈಬರಹದಲ್ಲಿ ಎರಡೂವರೆ ಹಾಳೆ.

ಲೆಕ್ಕ ಇದು: ಯಾವುದೇ ಬೆಸ ಸಂಖ್ಯೆಯ ವರ್ಗ ಮಾಡಿ ಒಂದು ಕಳೆದರೆ ಉಳಿದದ್ದು ಎಂಟರಿಂದ ಭಾಗವಾಗುತ್ತದೆ. ಯಾಕೆ?

ಅವನು ಮೊದಲು ಹೀಗೆ ಬರೆದಿದ್ದಾನೆ: ಮೂರರದ್ದು ಎಂಟು, ಐದರದ್ದು ಇಪ್ಪತ್ತನಾಲ್ಕು, ಏಳರದ್ದು ನಲವತ್ತೆಂಟು, ಆದ್ದರಿಂದ ಎಲ್ಲಕ್ಕೂ ಸರಿ. ಅದನ್ನು ಹೊಡೆದಿದ್ದಾನೆ. ಅಂಚಿನಲ್ಲಿ, "ಮೂರು ನೋಡಿ ಎಲ್ಲದರ ಬಗ್ಗೆ ಹೇಳಬಹುದೆ?" ಆಮೇಲೆ ಇನ್ನೊಂದು ದಾರಿ. ಅದು ನಾಲ್ಕರಿಂದ ಭಾಗವಾಗುತ್ತದೆ ಎನ್ನುವವರೆಗೆ ಬಂದು ಮುಂದೆ ಹೋಗುವುದಿಲ್ಲ. ಅದನ್ನೂ ಹೊಡೆದಿದ್ದಾನೆ. ಅಂಚಿನಲ್ಲಿ, "ನಾಲ್ಕಕ್ಕೆ ನಿಂತಿತು. ಯಾಕೆ ನಿಂತಿತು?"

ಬೇರೆ ಕಡೆ ಅಕ್ಷರ ತಪ್ಪಿದಲ್ಲಿ ಅವನು ಗೀಚಿ ಕಪ್ಪು ಮಾಡಿದ್ದಾನೆ, ಓದಲು ಬರುವುದಿಲ್ಲ. ಈ ಸಾಲುಗಳ ಮೇಲೆ ಮಾತ್ರ ಸ್ಕೇಲಿಟ್ಟು ಒಂದೇ ತೆಳುಗೆರೆ ಎಳೆದಿದ್ದಾನೆ. ಗೆರೆಯ ಕೆಳಗಿನ ಒಂದೊಂದು ಅಕ್ಷರವೂ ಕಾಣುತ್ತದೆ. ಹೊಡೆದ ಸಾಲುಗಳಿಗೂ ಮೂರು, ನಾಲ್ಕು, ಐದು ಎಂದು ನಂಬರು ಕೊಟ್ಟಿದ್ದಾನೆ. ಎರಡಾದ ಮೇಲೆ ಆರು ಬಂದದ್ದು ಹಾಗೆ. ಅರವತ್ತೆರಡು ಹಾಳೆಯಲ್ಲೂ ಹಾಗೆಯೇ.

ಮಕ್ಕಳು ಅದನ್ನು ಓದಬೇಕಿತ್ತು.

ನಾನು ಚೊಕ್ಕ ಮಾಡಿದೆ.

ಜುಲೈ 19, ಶನಿವಾರ

ಎರಡು ದಿನದಿಂದ ಎಲ್ಲವನ್ನೂ ಮತ್ತೆ ಟೈಪ್ ಮಾಡುತ್ತಿದ್ದೇನೆ. ಅಕ್ಷರದ ಮೇಲೆ ಗೆರೆ ಎಳೆಯುವ ಬಟನ್ ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಇದೆ. ಎಂದೂ ಒತ್ತಿದವಳಲ್ಲ.

"ಹೊಡೆದ ಮೇಲೆ ಯಾಕ ಟೈಪ್ ಮಾಡ್ತೀರಿ, ಟೈಪ್ ಮಾಡಿ ಯಾಕ ಹೊಡೀತೀರಿ?" ಎಂದು ಉಜ್ಜನಪ್ಪ ತಲೆ ಕೆರೆದುಕೊಂಡರು. ಆದರೂ ಬೇರೆ ಕೆಲಸಕ್ಕೆ ಕರೆಯಲಿಲ್ಲ.

ನಾಲ್ಕಕ್ಕೆ ನಿಂತದ್ದು ಎಂಟಾಗುವುದು ಹೇಗೆಂದರೆ, ಅಲ್ಲಿ ಪಕ್ಕಪಕ್ಕದ ಎರಡು ಸಂಖ್ಯೆಗಳ ಗುಣಾಕಾರ ಇರುತ್ತದೆ. ಪಕ್ಕಪಕ್ಕದ ಎರಡರಲ್ಲಿ ಒಂದು ಸಮ ಸಂಖ್ಯೆ ಆಗಿರಲೇಬೇಕು. ಹಾಗಾಗಿ ಇನ್ನೊಂದು ಎರಡು ಅಲ್ಲೇ ಅಡಗಿರುತ್ತದೆ. ಇದನ್ನು ಟೈಪ್ ಮಾಡುವಾಗ ಕೈ ನಿಂತಿತು. ಬಸ್ಸಿನ ಸೀಟಿನ ನಂಬರುಗಳನ್ನು ನೋಡುತ್ತಾ ಬಂದೆ. ಹೌದು, ಒಂದು ಸಮ ಇದ್ದೇ ಇರುತ್ತದೆ.

ಈ ಸಲ ಕೊನೆಯ ಹಾಳೆಯನ್ನೂ ಸೇರಿಸಿದೆ. ಅದರಲ್ಲಿ ಒಂದೇ ಪ್ರಶ್ನೆ. ಒಂದು ಸಂಖ್ಯೆಯನ್ನು ಐದು ಸಲ ಇಟ್ಟು ಗುಣಿಸಿ, ಬಂದದ್ದರಲ್ಲಿ ಅದೇ ಸಂಖ್ಯೆ ಕಳೆಯಬೇಕು. ಉಳಿದದ್ದು ಯಾವಾಗಲೂ ಯಾವ ಸಂಖ್ಯೆಯಿಂದ ಭಾಗವಾಗುತ್ತದೆ? ಅಂಥವುಗಳಲ್ಲಿ ಅತಿ ದೊಡ್ಡದು ಯಾವುದು? ಆರು ಎನ್ನುವವರೆಗೆ ಬಂದಿದ್ದಾನೆ. ಆರನ್ನೂ ಹೊಡೆದು ಅಂಚಿನಲ್ಲಿ "ಇನ್ನೂ ಇದೆ" ಎಂದು ಬರೆದಿದ್ದಾನೆ. ಅಷ್ಟೇ.

ಹೊಸ ಪ್ರತಿಯನ್ನು ವಿಜಯಕುಮಾರ್ ಮೊದಲ ಪುಟದಿಂದ ಕೊನೆಯವರೆಗೂ ತಿರುವಿದರು. "ಸರ್ ನಮಗೂ ಹಿಂಗೇ ಹೇಳ್ತಿದ್ರು. ಬೋರ್ಡಿನ ಮೇಲೆ ಒಂದು ಸಲಾನೂ ಡಸ್ಟರ್ ಮುಟ್ತಿರಲಿಲ್ಲ" ಎಂದರು. "ಮೊದಲೇ ಕೊಟ್ಟಿದ್ರೆ ಅಕ್ಕ..." ಎಂದು ಬಾಯಿ ತಪ್ಪಿ ಅಂದು, ಕೂಡಲೇ, "ನಿಮಗೇನು ಗೊತ್ತು ಬಿಡ್ರಿ" ಎಂದರು.

ಉಳಿದ ಹದಿನಾಲ್ಕು ಮಂದಿಯನ್ನು ಅವರು ಹಿಡಿದಿಟ್ಟುಕೊಳ್ಳುತ್ತಾರಂತೆ. ಇನ್ನೊಬ್ಬರು ಬೇಕು.

ಜುಲೈ 20, ಭಾನುವಾರ

ನಂದಿಗುಡಿಗೆ ಹೋಗಿದ್ದೆ. ಮಾರ್ಚಿನ ನಂತರ ಹರಿಹರ ದಾವಣಗೆರೆ ಬಿಟ್ಟು ಬೇರೆ ಬಸ್ಸು ಹತ್ತಿದ್ದು ಇದೇ ಮೊದಲು.

ತನುಶ್ರೀಯ ತಂದೆ ನಿಂಗಪ್ಪ ಭತ್ತದ ಸಸಿ ಮಡಿಯಿಂದ ಕೆಸರುಗಾಲಲ್ಲೇ ಬಂದರು. "ಕೂಡ್ರಿ, ಕೂಡ್ರಿ" ಎಂದು ಕಂಬಳಿ ಹಾಸಿದರು. ಮಂಡಕ್ಕಿ ಕೊಟ್ಟರು.

"ಅಮ್ಮೋರು ಲೆಕ್ಕದ ಟೀಚರೇನ್ರಿ?"

"ಅಲ್ಲ. ಟೈಪ್ ಮಾಡೋಳು."

"ಮತ್ತೆ ಟೈಪ್ ಮಾಡೋರು ಯಾಕ ಬಂದ್ರಿ?"

ಚೀಲದಿಂದ ರುದ್ರಮುನಿಯ ಹಾಳೆ ತೆಗೆದು ಹುಡುಗಿಯ ಕೈಗೆ ಕೊಟ್ಟೆ. ಅವಳು ಬಾಗಿಲ ಬೆಳಕಿಗೆ ಹೋಗಿ ನಿಂತು ಓದಿದಳು. ಹಾಳೆಯನ್ನು ತಿರುಗಿಸಿ ಮತ್ತೆ ಓದಿದಳು.

"ಇವು ಸರ್ ಹೊಡೆದಿದ್ದಾ?"

"ಹೂಂ."

"ಸರ್‌ಗೂ ನಾಲ್ಕಕ್ಕೆ ನಿಂತಿತ್ತಾ?" ಒಳಗೆ ಓಡಿ ನೋಟ್‌ಬುಕ್ ತಂದಳು. ಮೂರು ಹಾಳೆ ತುಂಬ ಅದೇ ಲೆಕ್ಕ. "ನೋಡ್ರಿ ಅಕ್ಕ. ನನಗೂ ನಾಲ್ಕಕ್ಕೇ ನಿಂತಿತ್ತು. ಇಲ್ಲೇ, ಇದೇ ಜಾಗದಾಗೆ!"

ಅವಳ ತಂದೆ ನೋಟ್‌ಬುಕ್ ನೋಡಿದರು, ನನ್ನನ್ನು ನೋಡಿದರು. "ಬುಧವಾರ ಟಿಸಿ ತಗೊಂಡೀವಿ, ಶುಕ್ರವಾರ ಹರಿಹರದಾಗ ಕೊಟ್ಟೀವಿ. ಈಗ ವಾಪಸ್ ತರ್ರಿ ಅಂದ್ರೆ ಅದೇನು ಬಸ್ ಟಿಕೀಟೇನ್ರಿ?"

ಇವಳು ಬಂದರೆ ಹದಿನೈದಾಗುತ್ತದೆ, ಹದಿನೈದಾದರೆ ತರಗತಿ ತೆರೆಯುತ್ತಾರೆ, ಇವಳ ತಲೆಯಲ್ಲಿ ಕೊರತೆ ಏನೂ ಇಲ್ಲ, ಕೊರತೆ ಇದ್ದದ್ದು ನನ್ನ ಟೈಪಿಂಗಿನಲ್ಲಿ ಎಂದೆಲ್ಲ ಹೇಳಿದೆ. ಅಷ್ಟು ಮಾತು ಒಟ್ಟಿಗೆ ಯಾವಾಗ ಆಡಿದ್ದೆನೋ ನೆನಪಿಲ್ಲ.

"ತೆಗೀತಾರಂತೀರಿ? ಖಾತ್ರೀನಾ?"

"ಖಾತ್ರಿ" ಎಂದೆ.

ಮಂಗಳವಾರ ಕರೆದುಕೊಂಡು ಬರುತ್ತೇನೆ ಎಂದರು. ವಾಪಸು ಬರುವಾಗ ಹಸಿವಾಗಿತ್ತು. ಹರಿಹರದಲ್ಲಿ ಇಳಿದು ಹೋಟೆಲಿನಲ್ಲಿ ಎರಡು ಇಡ್ಲಿ ತಿಂದೆ.

ಜುಲೈ 22, ಮಂಗಳವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ನಿಂಗಪ್ಪ ಮಗಳನ್ನು ಕರೆದುಕೊಂಡು ಬಂದರು. ಹರಿಹರದ ಕಾಲೇಜಿನಿಂದ ಟಿಸಿ ಬಿಡಿಸಿಕೊಂಡು ಬಂದಿದ್ದರು. ನಾನೂ ಆಫೀಸಿಗೆ ಹೋದೆ. ಗುಮಾಸ್ತ ಶಿವಕುಮಾರ ಹೆಸರು ಬರೆದುಕೊಂಡು, "ಹದಿನೈದು. ಬಚಾವಾತು ನಿಮ್ಮ ಗಣಿತ" ಎಂದ. ವಿಜಯಕುಮಾರ್ ಎಲ್ಲರಿಗೂ ಚಹಾ ಹೇಳಿದರು. ತನುಶ್ರೀ ನನ್ನ ಪಕ್ಕದಲ್ಲಿ ಕೂತು ಕೊನೆಯ ಹಾಳೆಯ ಲೆಕ್ಕದ ಬಗ್ಗೆ ಏನೋ ಕೇಳಿದಳು.

ಮೂರೂವರೆಗೆ ನಿಂಗರಾಜ್ ಬಂದ. ಜೊತೆಗೆ ಅವನ ಮಾವ. ಹುಬ್ಬಳ್ಳಿಯಲ್ಲಿ ಪ್ಯಾರಾಮೆಡಿಕಲ್ ಸೀಟು ಸಿಕ್ಕಿದೆಯಂತೆ, ಇವತ್ತೇ ಹೊರಡಬೇಕಂತೆ. ಹುಡುಗ ನನ್ನ ಮುಖ ನೋಡಲಿಲ್ಲ. "ನಾನೇನ್ ಮಾಡ್ಲಿ ಅಕ್ಕ, ಮಾವ ಹೇಳಿದಂಗೆ" ಎಂದು ಗೋಡೆಗೆ ಹೇಳಿದ. ಅವನದೇನು ತಪ್ಪು.

ಶಿವಕುಮಾರ ಒಂದು ಹೆಸರು ತೆಗೆದ. ವಿಜಯಕುಮಾರ್ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಹತ್ತು ನಿಮಿಷದಲ್ಲಿ ಹೊರಗೆ ಬಂದರು. ತಲೆಯನ್ನು ಅಡ್ಡ ಆಡಿಸಿದರು.

ಆಗ ನಾನು ಕಿಟಕಿಯ ಹತ್ತಿರ ಹೋಗಿ, "ವಯಸ್ಸಿನ ಮಿತಿ ಏನಾದ್ರೂ ಐತೇನ್ರಿ?" ಎಂದು ಕೇಳಿದೆ.

"ಯಾರಿಗೆ?"

"ನನಗೆ."

ಶಿವಕುಮಾರ ನಗಲಿಲ್ಲ. ಒಳ್ಳೆಯ ಮನುಷ್ಯ. "ನಿಮ್ದು ಪಿಯುಸಿ ಯಾವುದಕ್ಕ?"

"ಕಲಾ."

"ಆರ್ಟ್ಸ್‌ನೋರಿಗೆ ಬರಲ್ಲಕ್ಕ. ಕಂಪ್ಯೂಟರ್ರೇ ತಗೊಳ್ಳಲ್ಲ."

ಹದಿನಾಲ್ಕು.

ನಿಂಗಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಡಿಯವ್ವ, ಬಸ್ ಹೋಗ್ತೈತೆ" ಎಂದರು, ಅಷ್ಟೇ. ಹುಡುಗಿ ತಂದೆಯ ಹಿಂದೆ ಗೇಟು ದಾಟಿದಳು.

ಜುಲೈ 23, ಬುಧವಾರ

ಅಂಗಡಿಗೆ ಹೋಗಲಿಲ್ಲ.

ಜುಲೈ 31, ಗುರುವಾರ

ಹರಿಹರದಲ್ಲಿ ಬಿಕಾಂ ಸೀಟು ತುಂಬಿಹೋಗಿದೆ. ತನುಶ್ರೀ ಬಿಟ್ಟ ಜಾಗಕ್ಕೆ ಮರುದಿನವೇ ಇನ್ನೊಬ್ಬರನ್ನು ತೆಗೆದುಕೊಂಡರಂತೆ. ಅವಳಿಗೆ ದಾವಣಗೆರೆಯ ಕಾಲೇಜಿನಲ್ಲೇ ಬಿಎ ಸಿಕ್ಕಿದೆ. ಇತಿಹಾಸ, ಸಮಾಜಶಾಸ್ತ್ರ. ವಿಜಯಕುಮಾರ್ ಹೇಳಿದರು. ಅವರಿಗೂ ಈ ವರ್ಷ ಪಾಠ ಇಲ್ಲ. ಒಂದು ಟ್ಯೂಷನ್ ಸೆಂಟರಿನಲ್ಲಿ ಮಾತಾಡಿಕೊಂಡಿದ್ದಾರೆ.

"ನೀವು ಆ ಊರಿಗೆ ಹೋಗದಿದ್ರೆ ಹುಡುಗಿ ಆರಾಮಾಗಿ ಬಿಕಾಂ ಓದ್ತಿತ್ತು" ಎಂದರು ಉಜ್ಜನಪ್ಪ. ಅವರು ಮನಸ್ಸಿನಲ್ಲಿ ಇಟ್ಟುಕೊಳ್ಳುವವರಲ್ಲ. ಹೇಳಿದ್ದು ನಿಜ. ಹುಡುಗಿಯನ್ನು ಎರಡು ಸಲ ಕೆಡಿಸಿದೆ, ಒಮ್ಮೆ ಚೊಕ್ಕ ಮಾಡಿ, ಒಮ್ಮೆ ಖಾತ್ರಿ ಕೊಟ್ಟು. ಇದನ್ನು ಹೇಳಿಕೊಳ್ಳಲು ರುದ್ರಮುನಿ ಇಲ್ಲ.

ಆಗಸ್ಟ್ 4, ಸೋಮವಾರ

ಸೆಮಿಸ್ಟರ್ ಶುರು. ಗಣಿತದ ಕೋಣೆಯನ್ನು ಬಿಬಿಎಯವರಿಗೆ ಕೊಟ್ಟಿದ್ದಾರೆ. ಅಂಗಡಿಯಿಂದ ಅದರ ಕಿಟಕಿ ಕಾಣುತ್ತದೆ. ಎರಡು ಲಗ್ನಪತ್ರಿಕೆ, ಒಂದು ಬಾಡಿಗೆ ಕರಾರು ಟೈಪ್ ಮಾಡಿದೆ.

ಆಗಸ್ಟ್ 12, ಮಂಗಳವಾರ

ಗಿರಾಕಿ ಇಲ್ಲದಾಗ ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಕೊನೆಯ ಹಾಳೆಯದನ್ನು ಒತ್ತಿ ನೋಡುತ್ತೇನೆ. ಸುಮ್ಮನೆ ಕೈಗೆ ಕೆಲಸ. ಎರಡಕ್ಕೆ ಮೂವತ್ತು, ಮೂರಕ್ಕೆ ಇನ್ನೂರ ನಲವತ್ತು, ನಾಲ್ಕಕ್ಕೆ ಸಾವಿರದ ಇಪ್ಪತ್ತು. ಎಲ್ಲದರ ಕೊನೆಗೂ ಸೊನ್ನೆ. ಒಂಬತ್ತರವರೆಗೂ ನೋಡಿದೆ. ಹನ್ನೊಂದು, ಹನ್ನೆರಡು ಇಟ್ಟರೂ ಸೊನ್ನೆ. ಗುಣಿಸುವಾಗ ಕೊನೆಯ ಅಂಕಿಯನ್ನು ನಿರ್ಧರಿಸುವುದು ಕೊನೆಯ ಅಂಕಿಯೇ, ಆದ್ದರಿಂದ ಮೂರು ನೋಡಿ ಎಲ್ಲದರ ಬಗ್ಗೆ ಹೇಳಿದಂತೆ ಆಗುವುದಿಲ್ಲ. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಅಂಕಿ ನೋಡಿದರೆ ಎಲ್ಲ ನೋಡಿದಂತೆಯೇ.

ಮಧ್ಯಾಹ್ನದ ಬುತ್ತಿ ಖಾಲಿ ಮಾಡಿದೆ. ಬೇರೆ ವಿಶೇಷವಿಲ್ಲ.

ಆಗಸ್ಟ್ 19, ಮಂಗಳವಾರ

ತನುಶ್ರೀ ಬಂದಿದ್ದಳು. ಇತಿಹಾಸದ ನೋಟ್ಸ್, ನಲವತ್ತು ಪುಟದ ಝೆರಾಕ್ಸ್. ನನ್ನನ್ನು ಕಂಡು ಬೇರೆ ಅಂಗಡಿಗೆ ಹೋಗುವವಳಂತೆ ಒಂದು ಹೆಜ್ಜೆ ಹಿಂದೆ ಇಟ್ಟು, ಆಮೇಲೆ ಬಂದಳು.

ಯಂತ್ರ ನಡೆಯುವಾಗ ಅವಳೇ ಮಾತು ತೆಗೆದಳು. "ನೀವು ನಮ್ಮೂರಿಗೆ ಬರಬಾರದಿತ್ರಿ."

"ಹೌದವ್ವ."

"ನಮ್ಮಪ್ಪಗೆ ಈಗ ಎಲ್ಲರೂ ನಗ್ತಾರೆ. ಮಗಳ ಟಿಸಿ ಊರೆಲ್ಲ ಮೆರವಣಿಗೆ ಮಾಡಿಸಿದ ಅಂತ. ನಿಮಗೆ ಗೊತ್ತಿರಲಿಲ್ಲ ಅಂದ್ರೆ ಖಾತ್ರಿ ಅಂತ ಯಾಕ ಅಂದ್ರಿ?"

ತಪ್ಪಾಯಿತು ಎಂದೆ. ಅವಳು ತಲೆ ಆಡಿಸಲೂ ಇಲ್ಲ. ಅಷ್ಟರಲ್ಲಿ ಯಂತ್ರದೊಳಗೆ ಕಾಗದ ಸಿಕ್ಕಿಕೊಂಡಿತು. ನಾನು ಮುಚ್ಚಳ ತೆಗೆದು ಅದನ್ನು ಬಿಡಿಸುತ್ತಾ ನಿಂತೆ. ತಿರುಗಿ ನೋಡಿದಾಗ ಅವಳು ಕೀಬೋರ್ಡಿನ ಪಕ್ಕದಲ್ಲಿದ್ದ ಹಾಳೆಯನ್ನು ಓದುತ್ತಿದ್ದಳು.

"ಇದು ಸರ್ ಅಕ್ಷರ ಅಲ್ಲ."

"ನಂದು."

"ಅರವತ್ತು ಅಂತ ಬರ್ದೀರಿ. ಅರವತ್ತು ಹೆಂಗೆ ಬಂತು?"

ಹೇಳಿದೆ. ಆರರಿಂದ ಭಾಗವಾಗುತ್ತದೆ ಎಂದು ರುದ್ರಮುನಿ ತೋರಿಸಿದ್ದಾನೆ. ಕೊನೆಗೆ ಯಾವಾಗಲೂ ಸೊನ್ನೆ ಬರುವುದರಿಂದ ಹತ್ತರಿಂದಲೂ ಭಾಗವಾಗುತ್ತದೆ ಎಂದು ನಾನು ಕಂಡುಕೊಂಡೆ. ಆರು ಹತ್ತಲಿ ಅರವತ್ತು. ಅದೇ ಅತಿ ದೊಡ್ಡದು. ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು, ಸುಳ್ಳೇಕೆ ಬರೆಯಲಿ.

ಅವಳು ಹಾಳೆಯಿಂದ ಕಣ್ಣು ತೆಗೆಯದೆ, "ತಪ್ಪೈತ್ರಿ" ಎಂದಳು.

"ಎಲ್ಲಿ?"

"ಎರಡು ಇಟ್ಟು ನೋಡ್ರಿ. ಎಷ್ಟು ಬರ್ತೈತೆ?"

ಇಟ್ಟು ನೋಡುವುದೇ ಬೇಕಿರಲಿಲ್ಲ. ನನ್ನ ಹಾಳೆಯ ಮೊದಲ ಸಾಲೇ ಅದು. ಮೂವತ್ತು.

"ಮೂವತ್ತು ಅರವತ್ತರಿಂದ ಹೋಗ್ತೈತೇನ್ರಿ?" ನನ್ನ ಮುಖ ನೋಡಿದಳು. ನಗು ತಡೆದುಕೊಂಡಂತಿತ್ತು. ಸಿಟ್ಟೂ ಹೋಗಿರಲಿಲ್ಲ. "ಒಂದು ಎರಡನ್ನ ಎರಡು ಸಲ ಎಣಿಸೀರಿ ಅಕ್ಕ. ಆರರಾಗೂ ಐತೆ, ಹತ್ತರಾಗೂ ಐತೆ. ತಡೀರಿ. ಆದ್ರೆ ಸೊನ್ನೆ ಯಾಕ ಬರ್ತೈತೆ ಅಂತ ನೀವು ಬರ್ದೇ ಇಲ್ಲ."

"ಒತ್ತಿ ನೋಡಿದೆ. ಬಂತು."

"ಬಂತು ಅಂದ್ರೆ ಆತಾ? ಪೆನ್ ಕೊಡ್ರಿ ಇಲ್ಲಿ."

ಪೆನ್ನು ಕೊಟ್ಟೆ. ಸ್ಟೂಲು ಎಳೆದುಕೊಂಡು ಕೂತಳು. ಅವಳ ಊರಿನ ನಾಲ್ಕೂವರೆಯ ಬಸ್ಸು ಅಂಗಡಿಯ ಮುಂದೆಯೇ ಹೋಯಿತು. ಐದೂ ಹತ್ತರದ್ದೂ ಹೋಯಿತು.